ಮಾಸ್ತರರು ಮತ್ತೆ ವಿದ್ಯಾರ್ಥಿಯಾದರು: ವಿ. ಕೃ. ಗೋಕಾಕ

ಬೋಧನಾಭ್ಯಾಸಕ್ಕೆ ನನ್ನ ಪಾಲಿಗೆ ಬಂದದ್ದು ಜೋಯಿಡಾ ತಾಲೂಕಿನ ಅಣಶಿ. ಏಳನೆಯ ತರಗತಿಗೆ ಒಬ್ಬ ಸಾಹಿತಿಯ ಜೀವನವನ್ನು ಪರಿಚಯಿಸಬೇಕಿತ್ತು. ನಾನು ವಿನಾಯಕ ಕೃಷ್ಣ ಗೋಕಾಕರನ್ನು ಆರಿಸಿಕೊಂಡೆ. ವಿದೇಶದಲ್ಲಿ ಓದಿ ದೊಡ್ಡವರಾದ ಕನ್ನಡಿಗರ ಬಗ್ಗೆ ಅಭಿಮಾನ ಮೂಡಿಸುವುದು ಎಂದು ಪಾಠಯೋಜನೆಯಲ್ಲಿ ಉದ್ದೇಶ ಬರೆದೆ. ಪಾಠ ಮುಗಿಯುವಷ್ಟರಲ್ಲಿ ಆ ಉದ್ದೇಶ ಸಾಲದು ಎಂಬುದು ನನಗೇ ತಿಳಿಯಿತು.

ನನ್ನ ತರಗತಿಯ ಹೆಚ್ಚಿನ ಮಕ್ಕಳ ಮನೆಮಾತು ಕೊಂಕಣಿ. ಮೊದಲ ದಿನವೇ ನಾನು, ತರಗತಿಯಲ್ಲಿ ಕನ್ನಡ ಮಾತ್ರ ಎಂದು ಕಟ್ಟುನಿಟ್ಟಾಗಿ ಹೇಳಿಬಿಟ್ಟಿದ್ದೆ. ಕನ್ನಡ ಸುಧಾರಿಸಲಿ ಎಂಬುದು ನನ್ನ ಆಸೆ. ಆದದ್ದು ಮಾತ್ರ ಬೇರೆ. ಹಿಂದಿನ ಬೆಂಚಿನವರು ಬಾಯಿ ಬಿಡುವುದನ್ನೇ ನಿಲ್ಲಿಸಿದ್ದರು.

ಪೀಠಿಕೆಗೆ, ಸಮುದ್ರ ನೋಡಿದವರು ಯಾರು ಎಂದು ಕೇಳಿದೆ. ಅಣಶಿ ಘಟ್ಟ ಇಳಿದು ಹೋದರೆ ಕಾರವಾರ. ಅನೇಕ ಕೈಗಳು ಮೇಲೆದ್ದವು. ಒಬ್ಬ ಹುಡುಗ ದರ್ಯಾ ಎಂದು ಉತ್ಸಾಹದಿಂದ ಶುರುಮಾಡಿ, ನನ್ನ ಮುಖ ನೋಡಿ ಥಟ್ಟನೆ ಸುಮ್ಮನಾದ. ನಾನು ಅದನ್ನು ಗಮನಿಸಿಯೂ ಪಾಠಕ್ಕೆ ಮುಂದಾದೆ.

ಕಪ್ಪು ಹಲಗೆಯ ಮೇಲೆ ಒಂದು ದಾರಿ ಬರೆದೆ: ಸವಣೂರು, ಧಾರವಾಡ, ಪುಣೆ, ಆಕ್ಸ್‌ಫರ್ಡ್. ಗೋಕಾಕರು ಹುಟ್ಟಿದ್ದು 1909ರ ಆಗಸ್ಟ್ 9ರಂದು, ಇಂದಿನ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ. ಆಗ ಅದು ನವಾಬರ ಸಂಸ್ಥಾನ. ಮುಂದೆ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದರು. ಅಲ್ಲಿ ಅವರಿಗೆ ದ. ರಾ. ಬೇಂದ್ರೆಯವರ ಸಹವಾಸ ದೊರೆಯಿತು. ಗೆಳೆಯರ ಗುಂಪಿನಲ್ಲಿ ಒಬ್ಬರಾದರು, ಬೇಂದ್ರೆಯವರನ್ನು ಕಾವ್ಯಗುರುವೆಂದು ಭಾವಿಸಿದರು. ಓದಿದ್ದು ಇಂಗ್ಲಿಷ್ ಸಾಹಿತ್ಯ, ವಿನಾಯಕ ಎಂಬ ಹೆಸರಿನಲ್ಲಿ ಬರೆದದ್ದು ಕನ್ನಡ ಕವಿತೆ.

1931ರಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. ಮುಂದಿನದು ನಮ್ಮಂಥ ಪ್ರಶಿಕ್ಷಣಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದ ಸಂಗತಿ. ಐದು ವರ್ಷ ಪಾಠ ಹೇಳಿ ಹೆಸರು ಮಾಡಿದ ಮೇಲೆ, 1936ರಲ್ಲಿ, ಅವರು ಹಡಗು ಹತ್ತಿ ಆಕ್ಸ್‌ಫರ್ಡಿಗೆ ಹೋಗಿ ಮತ್ತೆ ವಿದ್ಯಾರ್ಥಿಯ ಬೆಂಚಿನಲ್ಲಿ ಕುಳಿತರು. ಪುಣೆಯಲ್ಲಿ ತಾವು ಕಲಿಸುತ್ತಿದ್ದ ಭಾಷೆ ಅಲ್ಲಿಯ ಬೀದಿಯ ಮಕ್ಕಳಿಗೂ ಮನೆಮಾತು. ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಪಡೆದು 1938ರಲ್ಲಿ ಮರಳಿದರು. ಸಾಂಗಲಿಯ ವಿಲಿಂಗ್ಡನ್ ಕಾಲೇಜಿನ ಪ್ರಾಂಶುಪಾಲರಾದರು.

ಅವರು ತಂದದ್ದು ಪದವಿಯೊಂದನ್ನೇ ಅಲ್ಲ. ಆ ಪ್ರಯಾಣದ ಅನುಭವ ಸಮುದ್ರದಾಚೆಯಿಂದ ಎಂಬ ಪುಸ್ತಕವಾಯಿತು. ಕಡಲು ಸಮುದ್ರ ಗೀತೆಗಳು ಎಂಬ ಸಂಕಲನಕ್ಕೆ ವಸ್ತುವಾಯಿತು. ಪ್ರಾಸ, ಮಾತ್ರೆಗಳ ಕಟ್ಟು ಸಡಿಲಿಸಿ ಮುಕ್ತ ಛಂದಸ್ಸಿನಲ್ಲಿ ಬರೆಯುವ ಧೈರ್ಯ ತೋರಿದರು. 1950ರಲ್ಲಿ ನವ್ಯ ಕವಿತೆಗಳು ಬಂತು. ಹೊರಗೆ ಕಂಡದ್ದನ್ನು ಅವರು ಕನ್ನಡಕ್ಕೆ ಒಗ್ಗಿಸಿದರು. ದ್ಯಾವಾಪೃಥಿವೀ ಕಾವ್ಯಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ಭಾರತ ಸಿಂಧು ರಶ್ಮಿ ಮಹಾಕಾವ್ಯ ಬರೆದ ಅವರಿಗೆ ಜ್ಞಾನಪೀಠ ಬಂದವು. 1992ರಲ್ಲಿ ತೀರಿಕೊಂಡರು.

ಇಲ್ಲಿಗೆ ನನ್ನ ಪಾಠ ಮುಗಿಯಬೇಕಿತ್ತು. ಆದರೆ ಒಬ್ಬ ಹುಡುಗಿ ಎದ್ದು ನಿಂತಳು. ಮುಂದಿನ ವರ್ಷ ಹಾಸ್ಟೆಲ್ಲಿನಲ್ಲಿದ್ದು ಓದಬೇಕಾದವಳು ಅವಳು. ಇಂಗ್ಲಿಷ್ ಅಷ್ಟು ಚೆನ್ನಾಗಿ ಬಂದ ಮೇಲೂ ಅವರಿಗೆ ತಮ್ಮ ಭಾಷೆ ಹೇಗೆ ಉಳಿಯಿತು ಎಂದು ತಡವರಿಸುತ್ತ ಕೇಳಿದಳು. ಅವಳು ಕೇಳುತ್ತಿದ್ದುದು ಗೋಕಾಕರ ಬಗ್ಗೆ ಮಾತ್ರವಲ್ಲ ಎಂದು ನನಗೆ ಹೊಳೆಯಿತು.

ಇಂಗ್ಲಿಷ್ ಕಲಿಸಿಯೇ ಬಾಳಿದ ಈ ಅಧ್ಯಾಪಕರ ನೇತೃತ್ವದ ಸಮಿತಿ 1981ರಲ್ಲಿ ವರದಿ ಕೊಟ್ಟು, ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕೆಂದು ಶಿಫಾರಸು ಮಾಡಿತ್ತು. ಅದನ್ನು ಹೇಳಲು ಹೊರಟವನು ಅರ್ಧದಲ್ಲೇ ತಡೆದೆ. ನನಗೆ ಕನ್ನಡ ಮನೆ, ಈ ಮಕ್ಕಳಿಗೆ ಅದು ಶಾಲೆಯ ಬಾಗಿಲಲ್ಲಿ ಸಿಕ್ಕಿದ ಭಾಷೆ. ಸವಣೂರಿನ ಹುಡುಗನಿಗೆ ಆಕ್ಸ್‌ಫರ್ಡಿನ ಇಂಗ್ಲಿಷ್ ಹೇಗೋ, ಇವರಿಗೆ ನನ್ನ ಕನ್ನಡ ಹಾಗೆ. ಗೋಕಾಕರು ದೂರ ಹೋದರೂ ಕನ್ನಡದಲ್ಲಿ ಬರೆಯುವುದನ್ನು ಬಿಡಲಿಲ್ಲ, ಅದರಿಂದಲೇ ಅದು ಬೆಳೆಯಿತು ಎಂದು ಅವಳಿಗೆ ಹೇಳಿದೆ. ಕೊಂಕಣಿ ಬಿಟ್ಟರೆ ಕನ್ನಡ ಬರುತ್ತದೆ ಎಂದು ನಾನು ತಿಳಿದದ್ದು ತಪ್ಪು ಎಂಬುದನ್ನೂ ಒಪ್ಪಿಕೊಂಡೆ.

ಹಲಗೆಯ ಮೇಲಿದ್ದ ಸಮುದ್ರ ಎಂಬ ಪದದ ಪಕ್ಕದಲ್ಲಿ ದರ್ಯಾ ಎಂದು ಬರೆದೆ. ಸುಮ್ಮನಾಗಿದ್ದ ಹುಡುಗ ಈಗ ಕಾರವಾರದ ಅಲೆಗಳ ಬಗ್ಗೆ ಮಾತಾಡಿದ, ಅರ್ಧ ಕೊಂಕಣಿ, ಅರ್ಧ ಕನ್ನಡ. ಮೌಲ್ಯಮಾಪನದ ಪ್ರಶ್ನೆಗಳಿಗೆ ಹೊತ್ತು ಉಳಿಯಲಿಲ್ಲ. ಮಾರ್ಗದರ್ಶಕರು ವೀಕ್ಷಣಾ ಹಾಳೆಯಲ್ಲಿ ಸಮಯಪಾಲನೆಗೆ ಅಂಕ ಕಳೆದರು, ಅದು ಸರಿಯೇ. ಮರುದಿನದ ಪಾಠಯೋಜನೆಯಲ್ಲಿ ಮಕ್ಕಳ ಮನೆಮಾತಿನ ಪದಗಳಿಗೆಂದು ಒಂದು ಅಂಕಣ ಹೊಸದಾಗಿ ಹಾಕಿಕೊಂಡೆ. ಅದನ್ನು ತುಂಬಲು ಈಗ ನಾನು ಅವರಿಂದ ಕಲಿಯುತ್ತಿದ್ದೇನೆ.