ಲಿಯೋ ಫೆಂಡರ್: ಮಂದ್ರಸ್ವರಕ್ಕೆ ಮನೆ ಕಟ್ಟಿದವರು

ಸಂಗೀತದ ಇತಿಹಾಸವು ಹಾಡಿದವರನ್ನೂ ನುಡಿಸಿದವರನ್ನೂ ನೆನೆಯುವಷ್ಟು ವಾದ್ಯವನ್ನು ಕಟ್ಟಿದವರನ್ನು ನೆನೆಯುವುದಿಲ್ಲ. ವೀಣೆಯನ್ನು ಕೆತ್ತಿದ ಬಡಗಿಯ ಹೆಸರು ಉಳಿಯುವುದು ಅಪರೂಪ. ಈ ಮಾತಿಗೆ ಅಪವಾದವಾಗಿ ನಿಲ್ಲುವ ಕೆಲವರಲ್ಲಿ ಅಮೆರಿಕದ ಲಿಯೋ ಫೆಂಡರ್ ಒಬ್ಬರು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಜನಪ್ರಿಯ ಸಂಗೀತಕ್ಕೆ ಗಿಟಾರನ್ನೂ ಬೇಸ್ ಗಿಟಾರನ್ನೂ ಅವುಗಳ ದನಿಯನ್ನು ಹೊರಗೆಡಹುವ ಪೆಟ್ಟಿಗೆಯನ್ನೂ ಒದಗಿಸಿದ ಈ ವ್ಯಕ್ತಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ ಎಂಬುದು ಅವರ ಜೀವನದ ಮೊದಲ ವಿಸ್ಮಯ.

ಕ್ಲಾರೆನ್ಸ್ ಲಿಯೊನಿಡಾಸ್ ಫೆಂಡರ್ ಅವರು 1909ರ ಆಗಸ್ಟ್ 10ರಂದು ಕ್ಯಾಲಿಫೋರ್ನಿಯಾದ ಅನಾಹೈಮ್ ಮತ್ತು ಫುಲರ್ಟನ್ ಊರುಗಳ ನಡುವಿನ ಕಿತ್ತಳೆ ತೋಟದ ಕುಟುಂಬವೊಂದರಲ್ಲಿ ಜನಿಸಿದರು. ಎಂಟನೆಯ ವಯಸ್ಸಿನಲ್ಲಿ ಎಡಗಣ್ಣಿನಲ್ಲಿ ಗಡ್ಡೆ ಬೆಳೆದು ಆ ಕಣ್ಣನ್ನು ತೆಗೆಯಬೇಕಾಯಿತು. ಅಂದಿನಿಂದ ಗಾಜಿನ ಕಣ್ಣೇ ಗತಿಯಾಯಿತು. ಹದಿಹರೆಯದಲ್ಲಿ, ವಾಹನಗಳ ವಿದ್ಯುತ್ ಕೆಲಸದ ಅಂಗಡಿ ಇಟ್ಟುಕೊಂಡಿದ್ದ ಚಿಕ್ಕಪ್ಪ ಹಳೆಯ ರೇಡಿಯೋ ಭಾಗಗಳ ಪೆಟ್ಟಿಗೆಯೊಂದನ್ನು ಕಳುಹಿಸಿದರು. ಮುಂದೆ ಆ ಅಂಗಡಿಗೆ ಹೋದಾಗ, ಚಿಕ್ಕಪ್ಪನೇ ಬಿಡಿಭಾಗಗಳಿಂದ ಕಟ್ಟಿದ್ದ ರೇಡಿಯೋ ಬೀದಿಗೆ ಕೇಳುವಂತೆ ಗಟ್ಟಿಯಾಗಿ ಹಾಡುತ್ತಿದ್ದುದು ಬಾಲಕನ ಮನಸ್ಸಿನಲ್ಲಿ ಅಚ್ಚೊತ್ತಿತು.

ಆದರೂ ಅವರು ಓದಿದ್ದು ಲೆಕ್ಕಶಾಸ್ತ್ರ. ಫುಲರ್ಟನ್ನಿನ ಕಾಲೇಜಿನಲ್ಲಿ ಅದನ್ನು ಕಲಿತು ಮಂಜುಗಡ್ಡೆ ಕಂಪನಿಯೊಂದರಲ್ಲಿ ಸರಬರಾಜಿನ ಕೆಲಸವನ್ನೂ ಬಳಿಕ ಲೆಕ್ಕಪತ್ರದ ಕೆಲಸವನ್ನೂ ಮಾಡಿದರು. 1934ರಲ್ಲಿ ಎಸ್ತರ್ ಅವರನ್ನು ವಿವಾಹವಾದರು. ಅದು ಆರ್ಥಿಕ ಮುಗ್ಗಟ್ಟಿನ ಕಾಲ. ಹೆದ್ದಾರಿ ಇಲಾಖೆಯ ಕೆಲಸ ಹೋಯಿತು. ಟೈರ್ ಕಂಪನಿಯ ಕೆಲಸವೂ ಆರು ತಿಂಗಳಲ್ಲಿ ಹೋಯಿತು. 1938ರಲ್ಲಿ 600 ಡಾಲರ್ ಸಾಲ ಮಾಡಿ ಫುಲರ್ಟನ್ನಿನಲ್ಲಿ ರೇಡಿಯೋ ದುರಸ್ತಿಯ ಅಂಗಡಿಯನ್ನು ತೆರೆದರು. ನೌಕರಿಯ ಬಾಗಿಲು ಮುಚ್ಚದೆ ಹೋಗಿದ್ದರೆ ಈ ಬಾಗಿಲು ತೆರೆಯುತ್ತಿತ್ತೇ ಎಂಬುದು ಸಂದೇಹ.

ಆ ಅಂಗಡಿಯೇ ಅವರ ನಿಜವಾದ ವಿದ್ಯಾಲಯ. ಕೆಟ್ಟುಹೋದ ಆಂಪ್ಲಿಫೈಯರುಗಳನ್ನು ಹೊತ್ತು ಬರುತ್ತಿದ್ದ ವಾದಕರ ಮೂಲಕ, ಯಾವ ಭಾಗ ಏತಕ್ಕೆ ಸೋಲುತ್ತದೆ ಎಂಬುದನ್ನು ಅವರು ಕಲಿತರು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಡಾಕ್ ಕಾಫ್‌ಮನ್ ಎಂಬ ಸಂಗೀತಗಾರರೊಡಗೂಡಿ ಸ್ಟೀಲ್ ಗಿಟಾರುಗಳನ್ನೂ ಆಂಪ್ಲಿಫೈಯರುಗಳನ್ನೂ ತಯಾರಿಸತೊಡಗಿದರು. ಕಾಫ್‌ಮನ್ ಹಿಂದೆ ಸರಿದ ಬಳಿಕ, 1946ರಲ್ಲಿ ತಮ್ಮದೇ ಹೆಸರಿನ ಸಂಸ್ಥೆಯನ್ನು ಕಟ್ಟಿದರು. ಟೊಳ್ಳಿಲ್ಲದ ಮರದ ಹಲಗೆಯ ಒಡಲಿಗೆ ತಿರುಪುಗಳಿಂದ ಕತ್ತನ್ನು ಜೋಡಿಸಿದ ವಿದ್ಯುತ್ ಗಿಟಾರ್ 1950ರಲ್ಲಿ ಹೊರಬಂದಿತು. ಅದರ ಬ್ರಾಡ್‌ಕಾಸ್ಟರ್ ಎಂಬ ಹೆಸರು ಬೇರೊಂದು ಸಂಸ್ಥೆಯ ಡ್ರಮ್ಮಿನ ಹೆಸರನ್ನು ಹೋಲುತ್ತಿದ್ದುದರಿಂದ 1951ರಲ್ಲಿ ಟೆಲಿಕಾಸ್ಟರ್ ಎಂದಾಯಿತು. 1954ರಲ್ಲಿ ಸ್ಟ್ರಾಟೋಕಾಸ್ಟರ್ ಬಂದಿತು. ಈ ಎರಡು ವಾದ್ಯಗಳ ಕೀರ್ತಿಯನ್ನು ಇಲ್ಲಿ ವಿಸ್ತರಿಸಬೇಕಿಲ್ಲ.

ವಿಸ್ತರಿಸಬೇಕಾದುದು 1951ರ ಇನ್ನೊಂದು ವಾದ್ಯದ ಕಥೆ. ಅಲ್ಲಿಯವರೆಗೆ ಮಂದ್ರಸ್ವರದ ಹೊಣೆ ಹೊತ್ತಿದ್ದುದು ಆಳೆತ್ತರದ ಡಬಲ್ ಬೇಸ್. ಅದನ್ನು ಊರಿಂದೂರಿಗೆ ಸಾಗಿಸುವುದು ಕಷ್ಟ. ಗಟ್ಟಿಯಾದ ವಾದ್ಯಗಳ ನಡುವೆ ಅದರ ದನಿ ಕೇಳಿಸುವುದು ಇನ್ನೂ ಕಷ್ಟ. ಫೆಂಡರ್ ಅವರು ರೂಪಿಸಿದ ಪ್ರಿಸಿಷನ್ ಬೇಸ್ ಗಿಟಾರಿನಂತೆ ಹೆಗಲಿಗೆ ತೂಗುವ ವಾದ್ಯ; ಅದರ ತಂತಿಯ ನುಡಿಯುವ ಉದ್ದ 34 ಇಂಚು. ಮೆಟ್ಟಿಲುಗಳಿದ್ದುದರಿಂದ ಸ್ವರವು ನಿಖರವಾಗಿ ಬೀಳುತ್ತಿತ್ತು. ಹೆಸರಿನ ಅರ್ಥವೂ ಅದೇ. ಆದರೆ ವಾದ್ಯ ಹುಟ್ಟಿದೊಡನೆ ಹೊಸ ತೊಡಕೂ ಹುಟ್ಟಿತು. ಆ ದನಿಯನ್ನು ಹೊರಗೆಡಹುವ ಪೆಟ್ಟಿಗೆ ಎಲ್ಲಿದೆ?

ಸ್ಪೀಕರಿನ ಶಂಕು ಮುಂದಕ್ಕೆ ಚಲಿಸಿದಾಗ ಎದುರಿನ ಗಾಳಿ ಒತ್ತಲ್ಪಡುತ್ತದೆ. ಅದೇ ಕ್ಷಣದಲ್ಲಿ ಹಿಂದಿನ ಗಾಳಿ ಸಡಿಲಗೊಳ್ಳುತ್ತದೆ. ಈ ಎರಡು ತರಂಗಗಳು ಪರಸ್ಪರ ವಿರುದ್ಧ. ಗಿಟಾರಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸಿದರೆ, ಬೇಸಿನ ಅತಿ ಕೆಳಗಿನ ತಂತಿ ಸುಮಾರು 41 ಸಲ ಕಂಪಿಸುತ್ತದೆ. ಅದರ ತರಂಗದ ಉದ್ದ 8 ಮೀಟರಿಗೂ ಹೆಚ್ಚು. ಇಷ್ಟು ನೀಳವಾದ ತರಂಗವು ಪೆಟ್ಟಿಗೆಯನ್ನು ಸುಲಭವಾಗಿ ಬಳಸಿಕೊಂಡು ಬರುತ್ತದೆ. ಆದುದರಿಂದ ಹಿಂಬದಿ ತೆರೆದ ಪೆಟ್ಟಿಗೆಯಲ್ಲಿ ಹಿಂದಿನ ತರಂಗವು ಮುಂದಿನದನ್ನು ಸೇರಿ ಮಂದ್ರವನ್ನು ಬಹುಮಟ್ಟಿಗೆ ಅಳಿಸುತ್ತದೆ. ಹಿಂಬದಿಯನ್ನು ಮುಚ್ಚಿದರೆ ಈ ನಷ್ಟ ತಪ್ಪುತ್ತದೆ. ಒಳಗೆ ಸೆರೆಯಾದ ಗಾಳಿ ಸ್ಪ್ರಿಂಗಿನಂತೆ ಶಂಕುವನ್ನು ಹಿಡಿದು, ಅದು ಅಂಕೆ ಮೀರಿ ಚಲಿಸದಂತೆ ತಡೆಯುತ್ತದೆ. ಸ್ವರ ನಿಂತೊಡನೆ ಶಂಕುವೂ ನಿಲ್ಲಬೇಕು. ಬಿಗಿಯಾದ ಮಂದ್ರ ಎಂದರೆ ಇಷ್ಟೇ. ಆದರೆ ಮುಚ್ಚಿದರಾಯಿತು ಎಂದು ಪೆಟ್ಟಿಗೆಯನ್ನು ತೀರ ಕಿರಿದು ಮಾಡಿದರೆ ಒಂದೇ ಸ್ವರದ ಸುತ್ತ ದನಿ ಉಬ್ಬಿ ಗುಂಯ್‌ಗುಡುತ್ತದೆ. ರಂಧ್ರವಿಟ್ಟರೆ ಮಂದ್ರ ಇನ್ನಷ್ಟು ಕೆಳಗಿಳಿಯುತ್ತದೆ. ಆದರೆ ರಂಧ್ರದ ಶ್ರುತಿಗಿಂತ ಕೆಳಗೆ ಶಂಕುವಿಗೆ ಗಾಳಿಯ ಆಸರೆ ತಪ್ಪುತ್ತದೆ. ಹಲಗೆ ಅದುರಿದರೆ ಅದೂ ತನ್ನ ದನಿಯನ್ನು ಸೇರಿಸುತ್ತದೆ.

ಫೆಂಡರ್ ಅವರ ಪ್ರಯೋಗಗಳು ಈ ಸತ್ಯಗಳ ಸುತ್ತಲೇ ತಿರುಗಿದುವು. 1952ರಲ್ಲಿ ಬಂದ ಬೇಸ್‌ಮನ್ ಆಂಪ್ಲಿಫೈಯರಿನಲ್ಲಿ 15 ಇಂಚಿನ ಒಂದೇ ಸ್ಪೀಕರ್ ಇದ್ದಿತು. ಹಿಂಬದಿ ಬಹುಮಟ್ಟಿಗೆ ಮುಚ್ಚಿದ್ದು ದುಂಡಗಿನ ರಂಧ್ರಗಳಿದ್ದುವು. ದಶಕದ ನಡುವೆ ಅದನ್ನು ಬಿಟ್ಟು 10 ಇಂಚಿನ ನಾಲ್ಕು ಸ್ಪೀಕರುಗಳನ್ನು ತೆರೆದ ಹಿಂಬದಿಯ ಪೆಟ್ಟಿಗೆಯಲ್ಲಿ ಕೂರಿಸಿದರು. ಹೊರೆ ನಾಲ್ಕಕ್ಕೆ ಹಂಚಿಹೋಯಿತು, ದನಿ ಚುರುಕಾಯಿತು. ಆದರೆ ಆಳದ ಮಂದ್ರ ಸಡಿಲವಾಯಿತು. ಬೇಸಿಗೆಂದು ಹುಟ್ಟಿದ ಆ ಪೆಟ್ಟಿಗೆಯನ್ನು ಗಿಟಾರ್ ವಾದಕರು ಎತ್ತಿಕೊಂಡು ಮೆರೆಸಿದರು. ಒಂದು ಗುರಿಗೆ ಕೊರತೆಯೆನಿಸಿದ್ದು ಇನ್ನೊಂದು ಗುರಿಗೆ ಗುಣವಾಯಿತು. 1960ರ ದಶಕದ ಆರಂಭದಲ್ಲಿ ಆಂಪ್ಲಿಫೈಯರನ್ನೂ ಸ್ಪೀಕರನ್ನೂ ಬೇರ್ಪಡಿಸಿ, ಬೇಸ್‌ಮನ್ನಿಗೆ ಹಿಂಬದಿ ಮುಚ್ಚಿದ ಪ್ರತ್ಯೇಕ ಪೆಟ್ಟಿಗೆಯನ್ನು ಕೊಟ್ಟರು.

ಅದೇ ಕಾಲದಲ್ಲಿ ಡಿಕ್ ಡೇಲ್ ಎಂಬ ತರುಣ ವಾದಕ ಬಲ್ಬೋವಾದ ರಾಂದೆವೂ ಸಭಾಂಗಣದಲ್ಲಿ ಸಾವಿರಾರು ಜನರೆದುರು ನುಡಿಸುತ್ತ ಸ್ಪೀಕರುಗಳನ್ನು ಒಂದರ ಹಿಂದೊಂದು ಹಾಳುಗೆಡವುತ್ತಿದ್ದರು. ಫೆಂಡರ್ ಅವರು ಸಹಾಯಕ ಫ್ರೆಡ್ಡಿ ತವಾರೆಸ್ ಅವರೊಡನೆ ಅಲ್ಲಿಗೇ ಹೋಗಿ ಜನಜಂಗುಳಿಯ ನಡುವೆ ನಿಂತು ಕೇಳಿದರು. ಕಾರ್ಯಾಗಾರದಲ್ಲಿ ಸಾಕೆನಿಸಿದ ದನಿ, ಜನದೇಹಗಳು ತುಂಬಿದ ಸಭೆಯಲ್ಲಿ ಸಾಲದೆಂಬುದು ಅಲ್ಲಿ ಮನದಟ್ಟಾಯಿತು. ಅದರ ಫಲವೇ ಮುಚ್ಚಿದ ಪೆಟ್ಟಿಗೆಯಲ್ಲಿ ಜೆಬಿಎಲ್ ಸಂಸ್ಥೆಯ 15 ಇಂಚಿನ ಬಲಿಷ್ಠ ಸ್ಪೀಕರನ್ನು ಹೊಂದಿದ ಷೋಮನ್. ಅತ್ತ ಲಂಡನ್ನಿನಲ್ಲಿ ಜಿಮ್ ಮಾರ್ಷಲ್ ಅವರ ಅಂಗಡಿಯವರು ಬೇಸ್‌ಮನ್ನಿನ ವಿದ್ಯುನ್ಮಂಡಲವನ್ನೇ ಆಧರಿಸಿ ತಮ್ಮ ಆಂಪ್ಲಿಫೈಯರನ್ನು ಕಟ್ಟಿದರು. ಪೆಟ್ಟಿಗೆಯನ್ನು ಮಾತ್ರ ಬದಲಿಸಿ 12 ಇಂಚಿನ ನಾಲ್ಕು ಸ್ಪೀಕರುಗಳನ್ನು ಹಿಂಬದಿ ಮುಚ್ಚಿದ ಗೂಡಿನಲ್ಲಿಟ್ಟರು. ಒಂದೇ ಕುಲದ ಮಂಡಲ, ಬೇರೆ ಮನೆ. ಹುಟ್ಟಿದ ದನಿಯೂ ಬೇರೆ.

ಈ ನಡುವೆ ದೀರ್ಘಕಾಲದ ಸೋಂಕಿನಿಂದ ಬಳಲಿದ ಫೆಂಡರ್ ಅವರು ತಾವು ಹೆಚ್ಚು ದಿನ ಬದುಕಲಾರೆವೆಂದು ಬಗೆದು, 1965ರಲ್ಲಿ ಸಂಸ್ಥೆಯನ್ನು ಸಿಬಿಎಸ್‌ಗೆ 1 ಕೋಟಿ 30 ಲಕ್ಷ ಡಾಲರಿಗೆ ಮಾರಿದರು. ಕೆಲವೇ ವರ್ಷಗಳಲ್ಲಿ ವೈದ್ಯರನ್ನು ಬದಲಿಸಿದಾಗ ಕಾಯಿಲೆ ವಾಸಿಯಾಯಿತು. ದೇಹವು ಮರಳಿ ಬಂದಿತು. ಹೆಸರು ಮರಳಿ ಬರಲಿಲ್ಲ. ತಮ್ಮ ಹೆಸರಿನ ವಾದ್ಯಗಳನ್ನು ಬೇರೆಯವರು ತಯಾರಿಸುತ್ತಿರಲು, ಅವರು ಒಪ್ಪಂದದ ಅವಧಿಯನ್ನು ಕಳೆದು 1975ರಲ್ಲಿ ಮ್ಯೂಸಿಕ್ ಮ್ಯಾನ್ ಸಂಸ್ಥೆಯ ಅಧ್ಯಕ್ಷರಾದರು. ದಶಕದ ಕೊನೆಯಲ್ಲಿ ಹಳೆಯ ಒಡನಾಡಿ ಜಾರ್ಜ್ ಫುಲರ್ಟನ್ ಅವರೊಡನೆ ಜಿ ಆಂಡ್ ಎಲ್ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ಹೆಸರಿನಲ್ಲಿ ಉಳಿದದ್ದು ಲಿಯೋ ಎಂಬುದರ ಮೊದಲಕ್ಷರ ಮಾತ್ರ. 1979ರಲ್ಲಿ ಪತ್ನಿ ಎಸ್ತರ್ ತೀರಿಕೊಂಡರು. ಮರುವರ್ಷ ಫಿಲಿಸ್ ಅವರನ್ನು ವರಿಸಿದರು. ಪಾರ್ಕಿನ್ಸನ್ ಕಾಯಿಲೆ ಆವರಿಸಿದ ಮೇಲೂ ಕಾರ್ಯಾಗಾರಕ್ಕೆ ಹೋಗುವುದನ್ನು ಬಿಡದೆ, 1991ರ ಮಾರ್ಚ್ 21ರಂದು ನಿಧನರಾದರು. ಮರುವರ್ಷ ರಾಕ್ ಸಂಗೀತದ ಕೀರ್ತಿಮಂದಿರವು ಅವರನ್ನು ಸೇರಿಸಿಕೊಂಡಿತು.

ನುಡಿಸಲು ಬಾರದ ಕೊರತೆಯನ್ನು ಅವರು ನುಡಿಸುವವರನ್ನು ಕೇಳಿ ತುಂಬಿಕೊಂಡರು. ಪೆಟ್ಟಿಗೆಯನ್ನು ಆರಿಸುವವರಿಗೆ ಇಂದಿಗೂ ಅವರ ದಾರಿಯೇ ದಾರಿ: ಯಾವ ವಾದ್ಯಕ್ಕೆ, ಎಷ್ಟು ದೊಡ್ಡ ಸಭೆಗೆ ಎಂದು ಮೊದಲು ಕೇಳಿಕೊಳ್ಳಬೇಕು, ಬಿಗಿಯಾದ ಮಂದ್ರ ಬೇಕಿದ್ದರೆ ಗಟ್ಟಿ ಹಲಗೆಯ, ತಕ್ಕಷ್ಟು ಒಡಲಿನ, ಹಿಂಬದಿ ಮುಚ್ಚಿದ ಪೆಟ್ಟಿಗೆಯನ್ನು ನೋಡಬೇಕು, ಕೊನೆಗೆ, ಜನ ತುಂಬಿದ ಜಾಗದಲ್ಲಿ ನಿಂತು ಕಿವಿಗೊಡಬೇಕು.