ರಾಷ್ಟ್ರಗಳಿಗೆ ನ್ಯಾಯವನ್ನು ಬರೆದ ಹ್ಯೂಗೋ ಗ್ರೋಷಿಯಸ್

ನಮ್ಮ ಶಾಲೆಯ ಮೇಲಣ ತರಗತಿಗಳಲ್ಲಿ ಚರಿತ್ರೆಯ ಪಾಠ ನಡೆಯುವಾಗ ಪ್ರತಿ ವರ್ಷವೂ ಯಾವಳಾದರೂ ಒಬ್ಬ ಹುಡುಗಿಯು ಒಂದು ಪ್ರಶ್ನೆಯನ್ನು ಕೇಳದೆ ಬಿಡುವುದಿಲ್ಲ. ಊರಿನಲ್ಲಿ ಕಳ್ಳತನವಾದರೆ ಹಿಡಿಯುವುದಕ್ಕೆ ಪೊಲೀಸರಿದ್ದಾರೆ, ವಿಚಾರಿಸುವುದಕ್ಕೆ ನ್ಯಾಯಾಧಿಪತಿಗಳಿದ್ದಾರೆ. ಒಂದು ದೇಶವೇ ಮತ್ತೊಂದು ದೇಶವನ್ನು ದೋಚಿದರೆ ಕೇಳುವವರು ಯಾರು ಎಂಬುದೇ ಆ ಪ್ರಶ್ನೆ. ಈಗ ಮನೆವಾರ್ತೆಯನ್ನು ನಡಿಸುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರು ಇದನ್ನು ಕೇಳಿದವರೇ. ಗಂಟೆ ಬಾರಿಸಿದ್ದರಿಂದ ಅಂದು ಪೂರ್ತಿಯಾಗದೆ ಉಳಿದ ಉತ್ತರವನ್ನು ಒಬ್ಬ ಮನುಷ್ಯನ ಜೀವಿತದ ಮೂಲಕ ಇಲ್ಲಿ ಹೇಳಲು ಯತ್ನಿಸುವೆನು.

ಹ್ಯೂಗೋ ಗ್ರೋಷಿಯಸನು 1583ನೆಯ ಇಸವಿ ಏಪ್ರಿಲ್ 10ರಂದು ಹಾಲೆಂಡಿನ ಡೆಲ್ಫ್ಟ್ ಪಟ್ಟಣದಲ್ಲಿ ಹುಟ್ಟಿದನು. ಆಗ ಡಚ್ಚರು ಸ್ಪೇನಿನ ಅರಸನ ಆಳಿಕೆಯಿಂದ ಬಿಡುಗಡೆ ಹೊಂದಲು ಯುದ್ಧಮಾಡುತ್ತಿದ್ದರು. ಹುಡುಗನ ಬುದ್ಧಿಯು ಅಸಾಧಾರಣವಾದುದು. ಹನ್ನೊಂದನೆಯ ವಯಸ್ಸಿನಲ್ಲಿಯೇ ಅವನು ಲೈಡನ್ ವಿಶ್ವವಿದ್ಯಾನಿಲಯವನ್ನು ಸೇರಿದನು. ಹದಿನೈದನೆಯ ವಯಸ್ಸಿನಲ್ಲಿ ದೇಶದ ಹಿರಿಯ ಮುತ್ಸದ್ದಿಯಾದ ಓಲ್ಡನ್‌ಬಾರ್ನವೆಲ್ಟನ ರಾಯಭಾರದೊಡನೆ ಫ್ರಾನ್ಸಿಗೆ ಹೋದಾಗ, ದೊರೆಯಾದ ನಾಲ್ಕನೆಯ ಹೆನ್ರಿಯು ಆ ಬಾಲಕನ ಪಾಂಡಿತ್ಯವನ್ನು ಕಂಡು ಬೆರಗಾದನಂತೆ. ಮರುವರ್ಷವೇ ಅವನು ಹೇಗ್ ಪಟ್ಟಣದಲ್ಲಿ ವಕೀಲನಾದನು.

ಅವನ ಮೊದಲನೆಯ ದೊಡ್ಡ ಕೆಲಸಕ್ಕೂ ನಮ್ಮ ನಾಡಿಗೂ ಒಂದು ಸಂಬಂಧವುಂಟು. ಆ ಕಾಲದಲ್ಲಿ ಪೋರ್ಚುಗೀಸರು ಹಿಂದೂ ಮಹಾಸಾಗರವೆಲ್ಲ ತಮ್ಮದೆಂದು ಸಾಧಿಸುತ್ತಿದ್ದರು. ಅವರ ರಹದಾರಿ ಚೀಟಿಯಿಲ್ಲದೆ ಹೊರಟ ಹಡಗನ್ನು ಹಿಡಿದು ಸರಕನ್ನು ಕಸಿದುಕೊಳ್ಳುತ್ತಿದ್ದರು. ನಮ್ಮ ಕರಾವಳಿಯ ಮಂಗಳೂರು, ಬಸರೂರು, ಹೊನ್ನಾವರಗಳಲ್ಲಿ 1568-69ರ ಸುಮಾರಿಗೆ ಅವರು ಕೋಟೆಗಳನ್ನು ಹಿಡಿದು ಕೂತರು. ಉಳ್ಳಾಲದ ರಾಣಿ ಅಬ್ಬಕ್ಕದೇವಿಯು ಕಾದಾಡಿದುದು ಈ ದರ್ಪಕ್ಕೆ ಎದುರಾಗಿಯೇ. 1603ರಲ್ಲಿ ಡಚ್ಚರು ಸಿಂಗಪುರದ ಸಮೀಪದಲ್ಲಿ ಸಾಂತಾ ಕತರೀನಾ ಎಂಬ ಪೋರ್ಚುಗೀಸ್ ಹಡಗನ್ನು ಹಿಡಿದರು. ಅದರಲ್ಲಿದ್ದ ರೇಷ್ಮೆ, ಪಿಂಗಾಣಿ ಮುಂತಾದ ಸರಕು 30 ಲಕ್ಷ ಗಿಲ್ಡರುಗಳಿಗೂ ಹೆಚ್ಚಿಗೆ ಮಾರಾಟವಾಯಿತು. ಇದು ನ್ಯಾಯವಾದ ಗಳಿಕೆಯೋ ಕೊಳ್ಳೆಯೋ ಎಂದು ಡಚ್ ಈಸ್ಟ್ ಇಂಡಿಯಾ ಕಂಪನಿಯ ಪಾಲುದಾರರಲ್ಲಿಯೇ ಕೆಲವರ ಮನಸ್ಸಾಕ್ಷಿ ಚುಚ್ಚಿತು. ಕಂಪನಿಯ ಪರವಾಗಿ ಸಮರ್ಥನೆಯನ್ನು ಬರೆಯುವ ಹೊಣೆಯು ಯುವಕನಾದ ಗ್ರೋಷಿಯಸನಿಗೆ ಬಂದಿತು.

ಅವನು ಬರೆದುದರಲ್ಲಿ ಒಂದು ಅಧ್ಯಾಯವು 1609ರಲ್ಲಿ ಸ್ವತಂತ್ರ ಸಮುದ್ರ ಎಂಬರ್ಥದ ಲ್ಯಾಟಿನ್ ಹೆಸರಿನಿಂದ ಪ್ರಕಟವಾಯಿತು. ಸಮುದ್ರವು ಗಾಳಿಯಂತೆ ಸರ್ವರದು; ಅದನ್ನು ಯಾರೂ ಬೇಲಿ ಹಾಕಿ ಸ್ವಂತ ಮಾಡಿಕೊಳ್ಳಲಾಗದು; ಪೂರ್ವದೇಶದ ಅರಸರು ಕ್ರೈಸ್ತರಲ್ಲದಿದ್ದರೂ ತಮ್ಮ ರಾಜ್ಯಗಳಿಗೆ ನಿಜವಾದ ಒಡೆಯರು; ಕಂಡುಹಿಡಿದೆವೆಂಬ ನೆವದಿಂದಾಗಲಿ ಪೋಪರ ದಾನಪತ್ರದಿಂದಾಗಲಿ ಅವರ ಹಕ್ಕು ಅಳಿಯುವುದಿಲ್ಲ. ಇವೇ ಆ ಪುಸ್ತಕದ ಮುಖ್ಯ ವಾದಗಳು.

ಇವು ಉದಾತ್ತವಾದ ಮಾತುಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸತ್ಯವನ್ನು ಮರೆಮಾಡಬಾರದು. ಅವನು ಇವನ್ನು ಬರೆದುದು ಕಂಪನಿಯ ಲಾಭಕ್ಕಾಗಿಯೇ. 1613ರಲ್ಲಿ ಇಂಗ್ಲಿಷರು ತಮಗೂ ಪೂರ್ವದೇಶದ ವ್ಯಾಪಾರದಲ್ಲಿ ಪ್ರವೇಶ ಬೇಕೆಂದು ಕೇಳಿದಾಗ, ಅದನ್ನು ನಿರಾಕರಿಸಿ ವಾದಿಸಲು ಲಂಡನಿಗೆ ಹೋದವರಲ್ಲಿ ಗ್ರೋಷಿಯಸನೂ ಒಬ್ಬನು. ಇಂಗ್ಲಿಷರು ಅವನ ಪುಸ್ತಕವನ್ನೇ ಅವನ ಮುಂದೆ ಹಿಡಿದರು. ತಾನು ನೆಯ್ದ ಬಲೆಯಲ್ಲಿ ತಾನೇ ಸಿಕ್ಕಿದಂತಾಯಿತು. ಸರ್ವರಿಗೂ ಸಲ್ಲುವಂತೆ ಒಮ್ಮೆ ಹೇಳಿದ ನಿಯಮವು ಹೇಳಿದವನ ಸ್ವತ್ತಾಗಿ ಉಳಿಯುವುದಿಲ್ಲ. ಓದುವವರು ಈ ಸಂಗತಿಯನ್ನು ನೆನಪಿನಲ್ಲಿಡಬೇಕು.

ಅಷ್ಟರಲ್ಲಿ ಅವನ ಸ್ವದೇಶದಲ್ಲಿ ಮತಭೇದದ ಬೆಂಕಿ ಹತ್ತಿಕೊಂಡಿತು. ದೇವರ ಆಯ್ಕೆ ಮತ್ತು ಮನುಷ್ಯನ ಇಚ್ಛೆಯ ವಿಷಯವಾಗಿ ಡಚ್ ಸಭೆಯು ಎರಡಾಗಿ ಒಡೆಯಿತು. ಗ್ರೋಷಿಯಸನು ಸಹನೆಯ ಪಕ್ಷವನ್ನು ಹಿಡಿದನು. ಸೇನಾಧಿಪತಿಯಾದ ಮಾರಿಸ್ ರಾಜಕುಮಾರನು ಎದುರು ಪಕ್ಷವನ್ನು ಸೇರಿದನು. 1618ರಲ್ಲಿ ಸೆರೆಹಿಡಿಯುವಿಕೆ ನಡೆಯಿತು. ಮರುವರ್ಷ ವೃದ್ಧನಾದ ಓಲ್ಡನ್‌ಬಾರ್ನವೆಲ್ಟನ ತಲೆಯನ್ನು ತೆಗೆದರು. ಗ್ರೋಷಿಯಸನಿಗೆ ಲೂವೆಸ್ಟೈನ್ ಎಂಬ ಕೋಟೆಯಲ್ಲಿ ಜೀವಾವಧಿ ಸೆರೆಯಾಯಿತು.

ಇಲ್ಲಿಂದ ಮುಂದೆ ಈ ಚರಿತ್ರೆಯನ್ನು ನಡಿಸಿದವರು ಇಬ್ಬರು ಸ್ತ್ರೀಯರು. ಅವನ ಪತ್ನಿಯಾದ ಮರೀಯಾ ಎಂಬವಳು ಮಕ್ಕಳೊಂದಿಗೆ ಗಂಡನ ಸೆರೆಯಲ್ಲಿಯೇ ವಾಸಮಾಡಲು ಒಪ್ಪಿದಳು. ಸ್ನೇಹಿತರು ಓದಲು ಕಳುಹಿಸುವ ಪುಸ್ತಕಗಳು ಒಂದು ದೊಡ್ಡ ಪೆಟ್ಟಿಗೆಯಲ್ಲಿ ಬರುತ್ತಲೂ ಹೋಗುತ್ತಲೂ ಇದ್ದವು. ಮೊದಮೊದಲು ಕಾವಲಿನವರು ಪೆಟ್ಟಿಗೆಯನ್ನು ತೆರೆದು ಶೋಧಿಸುತ್ತಿದ್ದರು. ಪ್ರತಿಸಾರಿಯೂ ಪುಸ್ತಕಗಳನ್ನೂ ಮೈಲಿಗೆ ಬಟ್ಟೆಗಳನ್ನೂ ಕಂಡು ಬೇಸತ್ತು ಶೋಧಿಸುವುದನ್ನೇ ಬಿಟ್ಟರು. ಮರೀಯಾ ಇದನ್ನು ಗಮನಿಸಿದಳು. 1621ನೆಯ ಇಸವಿ ಮಾರ್ಚ್ 22ರಂದು ಗಂಡನನ್ನು ಪೆಟ್ಟಿಗೆಯೊಳಗೆ ಮುದುಡಿ ಮಲಗಿಸಿ ಬೀಗ ಹಾಕಿ, ಅವನ ಉಡುಪನ್ನು ಮಂಚದ ಬಳಿಯಲ್ಲಿಟ್ಟು, ರೋಗದಿಂದ ಮಲಗಿರುವನೆಂದು ತೋರಿಸಿದಳು. ಎಲ್ಸಿಯೆ ಎಂಬ ಎಳೆಯ ದಾದಿಯು ಪೆಟ್ಟಿಗೆಯ ಜೊತೆಯಲ್ಲಿ ದೋಣಿ ಹತ್ತಿದಳು. ಇಷ್ಟು ಭಾರವೇಕೆಂದು ಸಿಪಾಯಿಗಳು ಹಾಸ್ಯಮಾಡಿದರೂ ಅವಳ ಮುಖದಲ್ಲಿ ಭಯ ಕಾಣಿಸಲಿಲ್ಲ. ಗೋರ್ಕಮ್ ಪಟ್ಟಣದಲ್ಲಿ ಸ್ನೇಹಿತರ ಮನೆಯನ್ನು ಮುಟ್ಟಿದ ಮೇಲೆ ಪೆಟ್ಟಿಗೆ ತೆರೆಯಿತು. ಪಂಡಿತನು ಗಾರೆಕೆಲಸದವನ ವೇಷದಿಂದ ಗಡಿ ದಾಟಿ ಪ್ಯಾರಿಸ್ ನಗರವನ್ನು ಸೇರಿದನು. ಮರೀಯಾಳನ್ನು ಕೆಲವು ದಿನಗಳಾದ ಮೇಲೆ ಬಿಟ್ಟುಬಿಟ್ಟರು.

ಅದೇ 1621ರಲ್ಲಿ, ಅವನು ಯಾವ ಕಂಪನಿಗಾಗಿ ವಾದಿಸಿದ್ದನೋ ಆ ಕಂಪನಿಯವರು ಜಾಯಿಕಾಯಿಯ ವ್ಯಾಪಾರವನ್ನು ಒಬ್ಬರೇ ಹಿಡಿಯುವುದಕ್ಕಾಗಿ ಬಾಂದಾ ದ್ವೀಪಗಳ ಜನರನ್ನು ಸಾವಿರಗಟ್ಟಲೆಯಾಗಿ ನಾಶಮಾಡಿದರು. ಯೂರೋಪಿನಲ್ಲಿಯೂ ಮೂವತ್ತು ವರ್ಷಗಳ ಮಹಾಯುದ್ಧವು ಉರಿಯುತ್ತಿದ್ದಿತು. ಒಬ್ಬನೇ ಕರ್ತನ ನಾಮವನ್ನು ಹೇಳುವವರು ಮೃಗಗಳೂ ನಾಚುವಂತೆ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದುದು ಗ್ರೋಷಿಯಸನ ಹೃದಯವನ್ನು ಕಲಕಿತು. ಪರದೇಶದ ಬಡತನದಲ್ಲಿ ಕೂತು ಅವನು 1625ರಲ್ಲಿ ಯುದ್ಧ ಮತ್ತು ಶಾಂತಿಗಳ ನ್ಯಾಯವನ್ನು ಕುರಿತ ಮಹಾಗ್ರಂಥವನ್ನು ಪ್ರಕಟಿಸಿದನು. ಯುದ್ಧಕ್ಕೆ ನ್ಯಾಯವಾದ ಕಾರಣವಿರಬೇಕು, ಯುದ್ಧದ ನಡುವೆಯೂ ಸ್ತ್ರೀಯರನ್ನೂ ಮಕ್ಕಳನ್ನೂ ಉಳುವವರನ್ನೂ ಉಳಿಸಬೇಕು, ಶತ್ರುವಿಗೆ ಕೊಟ್ಟ ಮಾತನ್ನೂ ನಡಿಸಬೇಕು ಎಂದು ಅದರಲ್ಲಿ ಬೋಧಿಸಿದನು. ತಾನು ದೃಢವಾದ ವಿಶ್ವಾಸಿಯಾಗಿದ್ದರೂ, ಬೇರೆ ಬೇರೆ ಮತಗಳವರು ಒಪ್ಪಬಹುದಾದಂತೆ ಮನುಷ್ಯರ ವಿವೇಕವನ್ನೇ ಅಸ್ತಿವಾರವಾಗಿಟ್ಟನು.

1634ರಲ್ಲಿ ಸ್ವೀಡನ್ ದೇಶವು ಅವನನ್ನು ಫ್ರಾನ್ಸಿಗೆ ತನ್ನ ರಾಯಭಾರಿಯನ್ನಾಗಿ ನೇಮಿಸಿತು. ಹತ್ತು ವರ್ಷ ಆ ಸೇವೆ ನಡೆಯಿತು. 1645ರಲ್ಲಿ ಸ್ವೀಡನಿನಿಂದ ಹಿಂತಿರುಗುವಾಗ ಬಿರುಗಾಳಿಗೆ ಸಿಕ್ಕಿ ಹಡಗು ಒಡೆಯಿತು. ದಣಿದು ರೋಸ್ಟಾಕ್ ಪಟ್ಟಣಕ್ಕೆ ಬಂದು ಆಗಸ್ಟ್ 28ರಂದು ತೀರಿಕೊಂಡನು. ಬದುಕಿದ್ದಾಗ ಅವನನ್ನು ಹೊರದೂಡಿದ ದೇಶವು ಡೆಲ್ಫ್ಟಿನಲ್ಲಿ ಅವನಿಗೆ ಸಮಾಧಿಯನ್ನು ಕೊಟ್ಟಿತು. ಮಹಾಯುದ್ಧವನ್ನು ಮುಗಿಸಿದ ವೆಸ್ಟ್‌ಫಾಲಿಯಾ ಒಪ್ಪಂದಗಳು ನಡೆದುದು 1648ನೆಯ ಇಸವಿ ಅಕ್ಟೋಬರ್ 24ರಂದು. ಅದನ್ನು ಅವನು ಕಾಣಲಿಲ್ಲ.

ಆದರೆ ಅವನ ಮಾತುಗಳು ಸಾಯಲಿಲ್ಲ. 1899ರಲ್ಲಿ ಹೇಗ್ ಪಟ್ಟಣದಲ್ಲಿ ರಾಷ್ಟ್ರಗಳ ಶಾಂತಿಸಮ್ಮೇಳನವು ಕೂಡಿದಾಗ ಅಮೆರಿಕದ ಪ್ರತಿನಿಧಿಗಳು ಅವನ ಸಮಾಧಿಯ ಮೇಲೆ ಬೆಳ್ಳಿಯ ಮಾಲೆಯನ್ನಿಟ್ಟರು. 1913ರಲ್ಲಿ ಅಲ್ಲಿ ಶಾಂತಿಮಂದಿರವು ಪ್ರಾರಂಭವಾಯಿತು. ಮರುವರ್ಷವೇ ಜಗತ್ತು ಯುದ್ಧಕ್ಕಿಳಿಯಿತು. 1920ರಲ್ಲಿ ಹುಟ್ಟಿದ ರಾಷ್ಟ್ರಗಳ ಸಂಘವು 1939ರ ಯುದ್ಧವನ್ನು ತಡೆಯಲಾರದೆ ಹೋಯಿತು. ಅವನು ಸತ್ತು ಮುನ್ನೂರು ವರ್ಷಗಳಾದ 1945ರಲ್ಲಿ, ಅದೇ ಅಕ್ಟೋಬರ್ 24ರಂದು, ವಿಶ್ವಸಂಸ್ಥೆಯು 51 ಸದಸ್ಯರಿಂದ ಆರಂಭವಾಯಿತು. ಇಂದು ಸದಸ್ಯರು 193.

ಪ್ರಬಲರು ತಮ್ಮ ಅನುಕೂಲಕ್ಕಾಗಿ ಬರೆದ ನಿಯಮಗಳನ್ನು ದುರ್ಬಲರು ಹೇಗೆ ಕೈಗೆ ತೆಗೆದುಕೊಂಡರೆಂಬುದನ್ನು ನೋಡಿರಿ. ಭಾರತವು ಇನ್ನೂ ಸ್ವತಂತ್ರವಾಗಿರದಿದ್ದ 1946ರಲ್ಲಿ, ದಕ್ಷಿಣ ಆಫ್ರಿಕದಲ್ಲಿ ಭಾರತೀಯರಿಗಾಗುತ್ತಿದ್ದ ಅನ್ಯಾಯವನ್ನು ಶ್ರೀಮತಿ ವಿಜಯಲಕ್ಷ್ಮೀ ಪಂಡಿತರು ವಿಶ್ವಸಂಸ್ಥೆಯ ಮಹಾಸಭೆಯ ಮುಂದಿಟ್ಟು ಗೆದ್ದರು. 1953ರಲ್ಲಿ ಆ ಸಭೆಗೆ ಪ್ರಥಮ ಮಹಿಳಾ ಅಧ್ಯಕ್ಷರಾದರು. 1948ರ ಮಾನವ ಹಕ್ಕುಗಳ ಘೋಷಣೆಯ ಮೊದಲನೆಯ ವಿಧಿಯಲ್ಲಿದ್ದ ಪುರುಷವಾಚಕ ಪದವನ್ನು ತೆಗೆಯಿಸಿ ಸ್ತ್ರೀಪುರುಷರೆಲ್ಲರನ್ನೂ ಒಳಗೊಳ್ಳುವ ಪದವನ್ನಿಡಿಸಿದವರು ಶ್ರೀಮತಿ ಹಂಸಾ ಮೆಹ್ತಾ ಅವರು. ನಮ್ಮ ಕರಾವಳಿಯವರೇ ಆದ ಬೆನೆಗಲ್ ನರಸಿಂಗರಾಯರು 1952ರಲ್ಲಿ ಹೇಗಿನ ಶಾಂತಿಮಂದಿರದಲ್ಲಿ ಅಂತಾರಾಷ್ಟ್ರೀಯ ನ್ಯಾಯಾಧಿಪತಿಯಾಗಿ ಕುಳಿತರು. ಒಂದು ಕಾಲದಲ್ಲಿ ಚೀಟಿಯಿಲ್ಲದ ಹಡಗುಗಳನ್ನು ಹಿಡಿಯುತ್ತಿದ್ದ ಪೋರ್ಚುಗಲ್ ದೇಶವು 1955ರಲ್ಲಿ ಅದೇ ನ್ಯಾಯಾಲಯಕ್ಕೆ ಹೋಗಿ, ತನ್ನ ವಶದಲ್ಲಿದ್ದ ದಾದ್ರಾ ಮತ್ತು ನಗರ ಹವೇಲಿಗಳಿಗೆ ಭಾರತದ ನೆಲದ ಮೇಲೆ ಹಾದುಹೋಗಲು ಹಕ್ಕು ಬೇಡಿತು. 1960ರ ತೀರ್ಪಿನಲ್ಲಿ, ಜನರಿಗೂ ಸರಕಿಗೂ ಹಾದಿಯ ಹಕ್ಕಿದ್ದಿತು, ಸೈನ್ಯಕ್ಕೂ ಆಯುಧಗಳಿಗೂ ಇರಲಿಲ್ಲ, ಭಾರತವು ತನ್ನ ಕರ್ತವ್ಯವನ್ನು ಮೀರಿಲ್ಲ ಎಂದು ತೀರ್ಮಾನವಾಯಿತು.

ತಾಯಂದಿರು ಇದನ್ನು ಮನೆಯಂಗಳದಲ್ಲಿಯೇ ಕಂಡಿರಬಹುದು. ಅಣ್ಣನು ತಾನು ಗೆಲ್ಲುವುದಕ್ಕಾಗಿ ಆಟಕ್ಕೆ ಒಂದು ನಿಯಮವನ್ನು ಹೇಳುತ್ತಾನೆ. ನಾಳೆ ತಂಗಿಯು ಅದೇ ನಿಯಮವನ್ನು ಹಿಡಿದು ಅವನನ್ನು ನಿಲ್ಲಿಸುತ್ತಾಳೆ. ಅವನು ಕೋಪಿಸಿಕೊಳ್ಳಬಹುದು, ಆಟವನ್ನೇ ಕೆಡಿಸಬಹುದು. ಆದರೆ ನಿಯಮವೇ ಇರಲಿಲ್ಲವೆಂದು ಹೇಳಲಾರನು. ದೇಶದೇಶಗಳ ನಡುವಣ ವ್ಯವಸ್ಥೆಯೂ ಹೀಗೆಯೇ ಬದಲಾಗುತ್ತ ಬಂದಿದೆ. ಅದು ನಿಧಾನ; ಹಲವು ಸಾರಿ ಮುರಿದಿದೆ; ಪ್ರತಿಸಾರಿಯೂ ರಕ್ತದ ಬೆಲೆ ತೆತ್ತಿದೆ. ತಪ್ಪಿದ ದೇಶವನ್ನು ಕೇಳುವವರು ಯಾರು ಎಂದ ಹುಡುಗಿಗೆ ನನ್ನ ಉತ್ತರವಿಷ್ಟೆ: ಬರೆದ ನಿಯಮವನ್ನು ಓದಬಲ್ಲವರು, ಎದ್ದು ನಿಂತು ಕೇಳುವ ಧೈರ್ಯವುಳ್ಳವರು.

ಗ್ರೋಷಿಯಸನ ಮಹಾಗ್ರಂಥವು ಲೋಕಕ್ಕೆ ದೊರೆತುದು ಒಬ್ಬ ಹೆಂಡತಿಯ ಜಾಣ್ಮೆಯಿಂದಲೂ ಒಬ್ಬ ದಾದಿಯ ಎದೆಗಾರಿಕೆಯಿಂದಲೂ ಎಂಬುದನ್ನು ನಮ್ಮ ಹೆಣ್ಣುಮಕ್ಕಳು ಮರೆಯದಿರಲಿ.