ಅನುಕರಣೆಯಿಂದ ಸ್ವಂತ ದನಿಗೆ: ಪಂಡಿತ ಕುಮಾರ ಗಂಧರ್ವ

ಕುಮಾರ ಗಂಧರ್ವರನ್ನು ಮರಾಠಿಗರೆಂದೇ ತಿಳಿದವರು ಮುಂಬಯಿ, ಪುಣೆಗಳ ನಮ್ಮವರಲ್ಲಿಯೂ ಉಂಟು. ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಎಂಬ ಹೆಸರಿನ ಈ ಮಹಾನ್ ಗಾಯಕರು ಜನಿಸಿದ್ದು 1924ರ ಏಪ್ರಿಲ್ 8ರಂದು, ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ.

ಗ್ರಾಮಫೋನ್ ತಟ್ಟೆಗಳಲ್ಲಿ ಕೇಳಿದ ಹಿರಿಯ ಉಸ್ತಾದರ ಗಾಯನವನ್ನು ಈ ಬಾಲಕ ಯಥಾವತ್ತಾಗಿ ಹಾಡಿ ತೋರಿಸುತ್ತಿದ್ದ. 1936ರಲ್ಲಿ ಮುಂಬಯಿಯ ಜಿನ್ನಾ ಹಾಲಿನಲ್ಲಿ ಹಾಡಿದಾಗ ಸಭೆ ಬೆರಗಾಯಿತು. ಆದರೆ ಅದು ಅನ್ಯರ ಧ್ವನಿಗೆ ಸಂದ ಪ್ರಶಂಸೆ. ಮುಂದೆ ಒಪೇರಾ ಹೌಸ್ ಬಳಿಯ ತಮ್ಮ ಶಾಲೆಯಲ್ಲಿ ಪ್ರೊ. ಬಿ. ಆರ್. ದೇವಧರರು ಹುಡುಗನನ್ನು ಒಂದೇ ಘರಾನೆಗೆ ಕಟ್ಟಿಹಾಕದೆ ಬೆಳೆಸಿದರು. ಇದು ಅವರ ದೊಡ್ಡ ಉಪಕಾರವೆಂದು ನನ್ನ ಭಾವನೆ.

1947ರಲ್ಲಿ ಸಹಪಾಠಿ ಭಾನುಮತಿಯವರೊಡನೆ ವಿವಾಹವಾಯಿತು. ಆ ವೇಳೆಗೆ ಕ್ಷಯರೋಗ ಕಾಣಿಸಿಕೊಂಡಿತ್ತು. ಒಣಹವೆಯನ್ನು ಅರಸಿ 1948ರ ಜನವರಿಯಲ್ಲಿ ದಂಪತಿಗಳು ಮಧ್ಯಪ್ರದೇಶದ ದೇವಾಸಕ್ಕೆ ತೆರಳಿದರು. ಹಾಡಲೇಕೂಡದೆಂಬುದು ವೈದ್ಯರ ಕಟ್ಟಪ್ಪಣೆ. ಪತ್ನಿ ಶಿಕ್ಷಕಿಯಾಗಿ ಮನೆಯನ್ನು ನಡೆಸಿದರು. ಗಾಯಕ ಹಾಸಿಗೆ ಹಿಡಿದು ಸುಮ್ಮನೆ ಆಲಿಸಿದರು. ಮಾಳವದ ಹೆಂಗಸರ ಹಾಡುಗಳು, ಅಲೆದಾಡುವ ಸಾಧುಗಳ ನಿರ್ಗುಣ ಭಜನೆಗಳು ಆ ಕಿಟಕಿಯಿಂದಲೇ ಒಳಬಂದವು. ಆಗ ಹೊಸದಾಗಿ ದೊರೆಯತೊಡಗಿದ್ದ ಸ್ಟ್ರೆಪ್ಟೊಮೈಸಿನ್ ಪ್ರಾಣವನ್ನು ಉಳಿಸಿತು. ಆದರೂ ಒಂದು ಶ್ವಾಸಕೋಶ ಬಹುಮಟ್ಟಿಗೆ ನಿಷ್ಪ್ರಯೋಜಕವಾಗಿತ್ತು.

ಸುಮಾರು ಐದು ವರ್ಷಗಳ ಮೌನದ ನಂತರ ವೇದಿಕೆಗೆ ಮರಳಿದ ಕುಮಾರರು ಯಾರಂತೆಯೂ ಹಾಡಲಿಲ್ಲ. ಟೀಕೆ ಆರಂಭವಾದದ್ದೇ ಆಗ! ಘರಾನೆಯ ಶಿಸ್ತಿಲ್ಲ, ವಿಲಂಬಿತದ ಕ್ರಮಬದ್ಧ ವಿಸ್ತಾರವಿಲ್ಲ, ಜಾನಪದವನ್ನು ಶಾಸ್ತ್ರೀಯ ಸಂಗೀತದೊಳಗೆ ತರುತ್ತಾರೆ ಎಂದು ಸಂಪ್ರದಾಯಸ್ಥರು ಆಕ್ಷೇಪಿಸಿದರು. ಚಿಕ್ಕ ಚಿಕ್ಕ ಸ್ವರಗುಚ್ಛಗಳನ್ನು ಉಸಿರಿನ ದೌರ್ಬಲ್ಯವೆಂದವರೂ ಇದ್ದರು. ಅದರಲ್ಲಿ ಅರ್ಧ ಸತ್ಯವಿರಬಹುದು. ಆದರೆ ದೊರೆತಷ್ಟೇ ಉಸಿರಿನಲ್ಲಿ ಒಂದು ಸ್ವರವನ್ನು ಎಲ್ಲಿ ಎತ್ತಬೇಕು, ಎಲ್ಲಿ ನಿಶ್ಶಬ್ದವನ್ನು ಬಿಡಬೇಕೆಂಬ ಅವರ ವಿವೇಚನೆಯನ್ನು ದೌರ್ಬಲ್ಯವೆನ್ನಲು ಮನಸ್ಸು ಒಪ್ಪದು. ಅವರ ಕಬೀರ ಭಜನೆಗಳ ಧ್ವನಿಮುದ್ರಿಕೆ ಮನೆಯಲ್ಲಿದ್ದವರು ಒಮ್ಮೆ ಕೇಳಿ ನೋಡಬಹುದು.

ಟೀಕೆಗಾಗಿ ಅವರು ತಮ್ಮ ದಾರಿಯನ್ನು ಬದಲಿಸಲಿಲ್ಲ. ರಾಗಗಳ ಮೂಲ ಜಾನಪದ ಧಾಟಿಗಳಲ್ಲಿದೆಯೆಂಬ ನಂಬಿಕೆಯಿಂದ ಮಾಲವತಿ, ಸಂಜಾರಿ ಮುಂತಾದ ರಾಗಗಳನ್ನು ರೂಪಿಸಿದರು. 1965ರಲ್ಲಿ ತಮ್ಮ ಬಂದಿಶ್‌ಗಳನ್ನು ಸ್ವರಲಿಪಿ ಸಹಿತ 'ಅನೂಪ ರಾಗ ವಿಲಾಸ'ವೆಂಬ ಗ್ರಂಥವಾಗಿ ಹೊರತಂದು, ಯಾರು ಬೇಕಾದರೂ ಪರೀಕ್ಷಿಸಲೆಂಬಂತೆ ವಿದ್ವಾಂಸರ ಮುಂದಿಟ್ಟರು. ಗಾಂಧೀ ಜನ್ಮಶತಾಬ್ದಿಯ 1969ರಲ್ಲಿ 'ಗಾಂಧಿ ಮಲ್ಹಾರ' ಮೂಡಿತು.

ಭಾನುಮತಿಯವರು 1961ರಲ್ಲಿಯೇ ತೀರಿಕೊಂಡಿದ್ದರು. ಮರುವರ್ಷ ಕೈಹಿಡಿದ ವಸುಂಧರಾ ಅವರು ವೇದಿಕೆಯಲ್ಲಿಯೂ ಜೊತೆಯಾದರು. 1990ರಲ್ಲಿ ಪದ್ಮವಿಭೂಷಣ ಲಭಿಸಿತು. 1992ರ ಜನವರಿ 12ರಂದು ಕುಮಾರರು ದೇವಾಸದಲ್ಲಿ ನಿಧನರಾದರು. 'ಅನೂಪ ರಾಗ ವಿಲಾಸ'ದ ಎರಡನೆಯ ಭಾಗ ಪ್ರಕಟವಾದದ್ದು ಅದರ ಮರುವರ್ಷ.